ಮತಕ್ಕೆ ಮುನ್ನ ವಿಜ್ಞಾನದ ಲೆಕ್ಕ

ರಾಜಕೀಯ ಪಕ್ಷವೊಂದರ ವಿಜ್ಞಾನ ನೀತಿಯನ್ನು ಅದರ ಚುನಾವಣಾ ಪ್ರಣಾಳಿಕೆಯ ‘ವಿಜ್ಞಾನ ಮತ್ತು ತಂತ್ರಜ್ಞಾನ’ ಎಂಬ ತಲೆಬರಹದ ಕೆಳಗೆ ಮಾತ್ರ ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಕುಲಾಂತರಿ ಬೆಳೆಯ ಬಗೆಗಿನ ನಿಲುವು ಕೃಷಿಯ ಭಾಗದಲ್ಲಿರುತ್ತದೆ, ಅಣುವಿದ್ಯುತ್ತಿನದು ಇಂಧನದ ಭಾಗದಲ್ಲಿ, ಲಸಿಕೆ ಮತ್ತು ಔಷಧ ಸಂಶೋಧನೆಯದು ಆರೋಗ್ಯದಲ್ಲಿ, ಪಠ್ಯಪುಸ್ತಕದ್ದು ಶಿಕ್ಷಣದಲ್ಲಿ. ಪಶ್ಚಿಮ ಘಟ್ಟದಂಥ ಸಂಗತಿಯಾದರೆ ಪರಿಸರದ ಪುಟದಲ್ಲಿ ಒಂದು ಸಾಲು ಬಂದರೂ ಬಂತು, ಬರದಿದ್ದರೂ ಇಲ್ಲ. ಇವನ್ನೆಲ್ಲ ಒಂದೆಡೆ ಸೇರಿಸಿ, ಪಕ್ಷದಿಂದ ಪಕ್ಷಕ್ಕೆ ಹೋಲಿಸಿ, ಆಮೇಲೆ ಮತಗಟ್ಟೆಗೆ ಹೋಗುವುದು ಶ್ರಮದ ಕೆಲಸ. ಆದರೂ ಮಾಡಲೇಬೇಕಾದ ಕೆಲಸ. ಮುಂದಿನ ಇಪ್ಪತ್ತು ವರ್ಷ ದೇಶದ ಪ್ರಯೋಗಾಲಯಗಳಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಐದು ವರ್ಷದ ಸರ್ಕಾರವೊಂದು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ.

ಈ ಹೋಲಿಕೆಗೆ ಮತದಾರರಿಗೆ ಸಿಗುವ ಸಮಯ ಬಹಳ ಕಡಿಮೆ. 2014ರಲ್ಲಿ ಕಾಂಗ್ರೆಸ್ ಮಾರ್ಚ್ 26ರಂದು ಪ್ರಣಾಳಿಕೆ ಪ್ರಕಟಿಸಿತು. ಬಿಜೆಪಿಯದು ಹೊರಬಂದದ್ದು ಏಪ್ರಿಲ್ 7ರಂದು, ಮೊದಲ ಹಂತದ ಮತದಾನ ನಡೆಯುತ್ತಿದ್ದ ದಿನವೇ. ಮತದಾನಕ್ಕೆ ಮುಂಚಿನ 48 ಗಂಟೆಗಳಲ್ಲಿ ಪ್ರಣಾಳಿಕೆ ಬಿಡುಗಡೆ ಮಾಡಬಾರದೆಂದು 2019ರಲ್ಲಿ ಚುನಾವಣಾ ಆಯೋಗ ನಿಯಮ ಮಾಡಿತು. ಆ ವರ್ಷ ಕಾಂಗ್ರೆಸ್ಸಿನದು ಏಪ್ರಿಲ್ 2ರಂದು, ಬಿಜೆಪಿಯದು ಏಪ್ರಿಲ್ 8ರಂದು ಬಂದವು. ಮೊದಲ ಹಂತದ ಮತದಾನ ಏಪ್ರಿಲ್ 11ಕ್ಕೆ. 2024ರಲ್ಲಿ ಏಪ್ರಿಲ್ 5 ಮತ್ತು ಏಪ್ರಿಲ್ 14. ಮತದಾನದ ಆರಂಭ ಏಪ್ರಿಲ್ 19. ಏಪ್ರಿಲ್ 26 ಮತ್ತು ಮೇ 7ರಂದು ಮತ ಹಾಕಿದ ಕರ್ನಾಟಕಕ್ಕೆ ಸ್ವಲ್ಪ ಹೆಚ್ಚು ಬಿಡುವು ದೊರಕಿತಷ್ಟೆ. ಹೀಗಾಗಿ ಹೋಲಿಕೆ ಪ್ರಣಾಳಿಕೆ ಕೈಗೆ ಬಂದ ದಿನ ಶುರುವಾದರೆ ಸಾಲದು. ಪಕ್ಷಗಳ ಹಿಂದಿನ ಹತ್ತು–ಹದಿನೈದು ವರ್ಷಗಳ ನಡೆ ಮೊದಲೇ ತಿಳಿದಿರಬೇಕು. ಅದು ಪ್ರಣಾಳಿಕೆಗಿಂತ ನಂಬಲರ್ಹವಾದ ದಾಖಲೆಯೂ ಹೌದು.

ಶೇ 2ರ ಭರವಸೆ

ಭಾರತದ ವಿಜ್ಞಾನ ರಾಜಕಾರಣದಲ್ಲಿ ಎಲ್ಲರೂ ಒಪ್ಪುವ, ಯಾರೂ ಈಡೇರಿಸದ ಭರವಸೆ ಒಂದಿದೆ: ಒಟ್ಟು ದೇಶೀಯ ಉತ್ಪನ್ನದ, ಅಂದರೆ ಜಿಡಿಪಿಯ, ಶೇ 2ರಷ್ಟನ್ನು ಸಂಶೋಧನೆಗೆ ಕೊಡುತ್ತೇವೆ ಎಂಬುದು. 2003ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹೊಸ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದರು. ಹತ್ತನೇ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ, ಎಂದರೆ 2007ಕ್ಕೆ, ಶೇ 2 ಮುಟ್ಟಬೇಕೆಂದು ಅದರಲ್ಲಿತ್ತು. ಮುಟ್ಟಲಿಲ್ಲ. 2012ರಲ್ಲಿ ಭುವನೇಶ್ವರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅದೇ ಶೇ 2ರ ಗುರಿಯನ್ನು ಹನ್ನೆರಡನೇ ಯೋಜನೆಯ ಕೊನೆಗೆ ಮುಂದೂಡಿದರು. 2013ರ ನೀತಿ ಅದನ್ನು ಮತ್ತೆ ಬರೆಯಿತು. 2019ರಲ್ಲಿ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಅದೇ ಅಂಕಿಯನ್ನು ಮುಂದಿಟ್ಟಿತು. ಇಷ್ಟೆಲ್ಲ ಆದರೂ ಈ ಪ್ರಮಾಣ ಒಮ್ಮೆಯೂ ಶೇ 1ರ ಗೆರೆ ದಾಟಿಲ್ಲ. 2020–21ರ ಅಧಿಕೃತ ಲೆಕ್ಕದಲ್ಲಿ ಅದು ಶೇ 0.64. ಇದೇ ಅವಧಿಯಲ್ಲಿ ಚೀನಾ ಶೇ 2.4 ಮುಟ್ಟಿತ್ತು; ದಕ್ಷಿಣ ಕೊರಿಯಾ ಶೇ 5ರ ಹತ್ತಿರ ಹತ್ತಿರ ಇತ್ತು.

ಈ ಒಂದು ಅಂಕಿಯನ್ನು ಪಕ್ಷಗಳು ಹೇಗೆ ಬಳಸುತ್ತವೆ ಎಂಬುದನ್ನು ಬಿಡಿಸಿ ನೋಡುವುದು ಉಪಯುಕ್ತ. 2010–11ರಲ್ಲಿ ದೇಶದ ಒಟ್ಟು ಸಂಶೋಧನಾ ವೆಚ್ಚ ₹60,197 ಕೋಟಿ. 2020–21ರಲ್ಲಿ ₹1,27,381 ಕೋಟಿ. ಹತ್ತು ವರ್ಷಗಳಲ್ಲಿ ಇಮ್ಮಡಿಗಿಂತ ಹೆಚ್ಚಾಯಿತು ಎಂದು ಆಡಳಿತ ಪಕ್ಷ ಹೇಳಿದರೆ ಅದು ಸುಳ್ಳಲ್ಲ. ಆದರೆ ಅದೇ ಹತ್ತು ವರ್ಷಗಳಲ್ಲಿ ಜಿಡಿಪಿ ಇನ್ನೂ ವೇಗವಾಗಿ ಬೆಳೆಯಿತು. ಹೀಗಾಗಿ ಜಿಡಿಪಿಯಲ್ಲಿ ಸಂಶೋಧನೆಯ ಪಾಲು ಶೇ 0.76ರ ಆಸುಪಾಸಿನಿಂದ ಶೇ 0.64ಕ್ಕೆ ಇಳಿಯಿತು. ಕಡಿಮೆಯಾಯಿತು ಎಂದು ವಿರೋಧ ಪಕ್ಷ ಹೇಳಿದರೆ ಅದೂ ಸುಳ್ಳಲ್ಲ. ಎರಡೂ ವಾಕ್ಯ ನಿಜವಾಗಿರುವಾಗ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಪಕ್ಷ ಯಾವುದು ಎಂದು ಹುಡುಕಬೇಕು. ಈ ಹತ್ತು ವರ್ಷಗಳಲ್ಲಿ ಮೊದಲ ಭಾಗ ಯುಪಿಎ ಆಡಳಿತದ್ದು, ಉಳಿದದ್ದು ಎನ್‌ಡಿಎಯದು. ಇಳಿಕೆಯ ಹೊಣೆ ಒಬ್ಬರ ತಲೆಗೇ ಕಟ್ಟುವಂಥದ್ದಲ್ಲ. ಇನ್ನೊಂದು ತೊಡಕೂ ಇದೆ. 2020–21ರ ಅಂಕಿ ಸಾರ್ವಜನಿಕರಿಗೆ ದೊರೆತದ್ದು 2023ರಲ್ಲಿ. 2024ರ ಮತದಾರರ ಕೈಯಲ್ಲಿದ್ದ ಅತ್ಯಂತ ಹೊಸ ಅಧಿಕೃತ ಲೆಕ್ಕವೆಂದರೆ ಮೂರು ವರ್ಷ ಹಿಂದಿನದು, ಅದೂ ಕೋವಿಡ್ ವರ್ಷದ್ದು. ಹೊತ್ತಿಗೆ ಸರಿಯಾಗಿ ಅಂಕಿಅಂಶ ಪ್ರಕಟಿಸುತ್ತೇವೆ ಎಂಬ ಸಣ್ಣ ಭರವಸೆ ಯಾವ ಪಕ್ಷದಿಂದ ಬಂದರೂ ಅದಕ್ಕೆ ಶೇ 2ರ ಭರವಸೆಗಿಂತ ಹೆಚ್ಚಿನ ಬೆಲೆ ಕೊಡಬಹುದು.

ಶೇ 2ರ ಮಾತು ಜೊಳ್ಳಾಗಲು ಮುಖ್ಯ ಕಾರಣ ಬೇರೆಯೇ ಇದೆ. ಆ ಹಣವೆಲ್ಲ ಸರ್ಕಾರದ ಜೇಬಿನಿಂದ ಬರುವುದಲ್ಲ. 2020–21ರ ಲೆಕ್ಕದಂತೆ ಒಟ್ಟು ಸಂಶೋಧನಾ ವೆಚ್ಚದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 43.7. ಖಾಸಗಿ ಉದ್ಯಮದ್ದು ಶೇ 36.4. ಉನ್ನತ ಶಿಕ್ಷಣ ಸಂಸ್ಥೆಗಳು ಶೇ 8.8, ರಾಜ್ಯ ಸರ್ಕಾರಗಳು ಶೇ 6.7, ಸಾರ್ವಜನಿಕ ಉದ್ಯಮಗಳು ಶೇ 4.4. ಕೊರಿಯಾ, ಜಪಾನ್, ಅಮೆರಿಕಗಳಲ್ಲಿ ಕಂಪನಿಗಳೇ ಮುಕ್ಕಾಲು ಪಾಲಿನ ಹತ್ತಿರ ಖರ್ಚು ಮಾಡುತ್ತವೆ. ಆದ್ದರಿಂದ ಶೇ 2 ಎಂದು ಬರೆಯುವ ಪಕ್ಷವನ್ನು ಯಾರ ಹಣ ಎಂದು ಕೇಳಬೇಕಾಗುತ್ತದೆ. ಕೇಂದ್ರ ಬಜೆಟ್ಟಿನಿಂದಲೇ ಕೊಡುತ್ತೇವೆ ಎಂದರೆ ಅದನ್ನು ಪ್ರತಿ ವರ್ಷ ಫೆಬ್ರುವರಿ 1ರಂದು ಪರೀಕ್ಷಿಸಬಹುದು. ಖಾಸಗಿಯವರು ಹೂಡುತ್ತಾರೆ ಎಂದರೆ ಅದು ಭರವಸೆಯಲ್ಲ, ಆಶಯ.

ಸರ್ಕಾರಿ ಹಣದೊಳಗೂ ಹಂಚಿಕೆಯ ಪ್ರಶ್ನೆ ಇದೆ. ಕೇಂದ್ರದ ಪ್ರಮುಖ ವೈಜ್ಞಾನಿಕ ಸಂಸ್ಥೆಗಳ ಸಂಶೋಧನಾ ವೆಚ್ಚದಲ್ಲಿ ಸುಮಾರು ಶೇ 30 ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಹೋಗುತ್ತದೆ, ಅದರ ನಂತರದ ದೊಡ್ಡ ಪಾಲು ಬಾಹ್ಯಾಕಾಶಕ್ಕೆ. ಕೃಷಿ ಸಂಶೋಧನಾ ಮಂಡಳಿ ಮತ್ತು ಅಣುಶಕ್ತಿ ಇಲಾಖೆ ಆಮೇಲೆ. ವಿಶ್ವವಿದ್ಯಾಲಯದ ಮೂಲವಿಜ್ಞಾನಕ್ಕೆ ಉಳಿಯುವುದು ಸ್ವಲ್ಪವೇ. ದೇಶದ ಬಹುಪಾಲು ವಿಜ್ಞಾನ ವಿದ್ಯಾರ್ಥಿಗಳು ಓದುವುದು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಎಂಬುದನ್ನು ನೆನೆದರೆ, ಮೊತ್ತ ಹೆಚ್ಚಿಸುವ ಮಾತಿಗಿಂತ ಹಂಚಿಕೆ ಬದಲಿಸುವ ಮಾತು ಯಾರಾದರೂ ಆಡಿದ್ದಾರೆಯೇ ಎಂದು ಹುಡುಕುವುದು ಹೆಚ್ಚು ಫಲದಾಯಕ.

ಯೋಜನೆಗೆ ಹೆಸರಿದ್ದರೆ

ಹೆಸರು, ಮೊತ್ತ, ಅವಧಿ ಮೂರೂ ಇರುವ ಭರವಸೆಯನ್ನು ಅಳೆಯುವುದು ಸುಲಭ. ಎನ್‌ಡಿಎ ಸರ್ಕಾರದ ವಿಜ್ಞಾನ ನೀತಿ ಬಹುಪಾಲು ಇಂಥ ‘ಮಿಷನ್’ಗಳ ರೂಪದಲ್ಲಿದೆ. ಆಳಸಮುದ್ರ ಮಿಷನ್‌ಗೆ 2021ರ ಜೂನ್‌ನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು, ಮೊತ್ತ ₹4,077 ಕೋಟಿ. ರಾಷ್ಟ್ರೀಯ ಕ್ವಾಂಟಮ್ ಮಿಷನ್ 2023ರ ಏಪ್ರಿಲ್‌ನಲ್ಲಿ ಬಂತು, ₹6,003 ಕೋಟಿ, 2030–31ರವರೆಗೆ. ಕೃತಕ ಬುದ್ಧಿಮತ್ತೆಯ ಮಿಷನ್‌ಗೆ 2024ರ ಮಾರ್ಚ್‌ನಲ್ಲಿ, ಚುನಾವಣೆ ಘೋಷಣೆಗೆ ಕೆಲವೇ ದಿನ ಮುಂಚೆ, ₹10,372 ಕೋಟಿ ಮಂಜೂರಾಯಿತು. ಗಗನಯಾನವನ್ನು 2018ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಘೋಷಿಸಿದಾಗ ಹೇಳಿದ್ದು 2022ರೊಳಗೆ ಎಂದು. ಭಾರತೀಯರನ್ನು ಹೊತ್ತ ನೌಕೆ ಆ ಗಡುವಿನೊಳಗೆ ಹಾರಲಿಲ್ಲ. ₹9,023 ಕೋಟಿಯಿದ್ದ ಅಂದಾಜನ್ನು 2024ರಲ್ಲಿ ₹20,193 ಕೋಟಿಗೆ ಏರಿಸಲಾಯಿತು. ಅದರಲ್ಲಿ ಹೊಸ ಹಾರಾಟಗಳೂ ಬಾಹ್ಯಾಕಾಶ ನಿಲ್ದಾಣದ ಮೊದಲ ಹೆಜ್ಜೆಗಳೂ ಸೇರಿವೆ. ಮಾನವಸಹಿತ ಯಾನದಲ್ಲಿ ಗಡುವು ತಪ್ಪುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ, ಸುರಕ್ಷತೆಗಾಗಿ ತಪ್ಪಬೇಕಾದದ್ದೂ ಹೌದು. ಪಕ್ಷದ ವಿಶ್ವಾಸಾರ್ಹತೆ ತಿಳಿಯುವುದು ಗಡುವನ್ನು ಬದಲಿಸಿದಾಗ ಕಾರಣವನ್ನು ಸಂಸತ್ತಿನ ಮುಂದೆ ಇಟ್ಟಿತೇ ಎಂಬುದರಿಂದ.

ಸಂಸ್ಥೆ ಕಟ್ಟುವ ಭರವಸೆ ಯೋಜನೆಗಿಂತ ತೂಕದ್ದು, ಪರೀಕ್ಷಿಸಲು ಹೆಚ್ಚು ಕಷ್ಟದ್ದು. ‘ಅನುಸಂಧಾನ’ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ 2023ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. 2008ರ ಕಾಯ್ದೆಯಡಿ ಇದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಅದರಲ್ಲಿ ವಿಲೀನವಾಯಿತು. ಐದು ವರ್ಷಕ್ಕೆ ₹50,000 ಕೋಟಿ ಎಂದು ಪ್ರಚಾರವಾಯಿತಾದರೂ ಅದರಲ್ಲಿ ಸುಮಾರು ₹36,000 ಕೋಟಿ ಬರಬೇಕಾದದ್ದು ಉದ್ಯಮ, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ. ಸರ್ಕಾರದ್ದು ₹14,000 ಕೋಟಿ. ಮತದಾರರು ಹೋಲಿಕೆಯ ಪಟ್ಟಿಯಲ್ಲಿ ಬರೆದುಕೊಳ್ಳಬೇಕಾದ ಅಂಕಿ ₹14,000 ಕೋಟಿಯೇ ಹೊರತು ₹50,000 ಕೋಟಿ ಅಲ್ಲ. 2024ರ ಮಧ್ಯಂತರ ಬಜೆಟ್ ಘೋಷಿಸಿದ ₹1 ಲಕ್ಷ ಕೋಟಿಯ ನಿಧಿಯೂ ಹೀಗೆಯೇ: ಅದು ಮುಖ್ಯವಾಗಿ ಖಾಸಗಿ ವಲಯಕ್ಕೆ ದೀರ್ಘಾವಧಿಯ, ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ಸಾಲಕ್ಕಾಗಿ. ಸಾಲವೂ ಬೇಕಾದದ್ದೇ. ಆದರೆ ಧಾರವಾಡದ ಅಥವಾ ಕಲಬುರಗಿಯ ವಿಶ್ವವಿದ್ಯಾಲಯದ ರಸಾಯನವಿಜ್ಞಾನ ವಿಭಾಗಕ್ಕೆ ಅದರಿಂದ ಉಪಕರಣ ಬರುವುದಿಲ್ಲ.

ದೊಡ್ಡ ಮೊತ್ತಗಳ ನಡುವೆ ಸಂಶೋಧನಾ ವಿದ್ಯಾರ್ಥಿಯ ತಿಂಗಳ ಶಿಷ್ಯವೇತನ ಕಣ್ಣಿಗೆ ಬೀಳುವುದೇ ಇಲ್ಲ. ವಿಜ್ಞಾನ ನೀತಿಯ ಪ್ರಾಮಾಣಿಕ ಅಳತೆ ಅದೇ. ಕಿರಿಯ ಸಂಶೋಧಕರ ವೇತನ ₹25,000ದಿಂದ ₹31,000ಕ್ಕೆ ಏರಿದ್ದು 2019ರ ಜನವರಿಯಲ್ಲಿ, ಲೋಕಸಭಾ ಚುನಾವಣೆಗೆ ಮೂರು ತಿಂಗಳು ಇದ್ದಾಗ. ₹37,000 ಆದದ್ದು 2023ರಲ್ಲಿ. ಎರಡು ಸಲವೂ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆಯೇ ಏರಿಕೆ ಬಂತು. ಬೆಲೆಯೇರಿಕೆಗೆ ತಕ್ಕಂತೆ ಶಿಷ್ಯವೇತನ ತಾನಾಗಿಯೇ ಏರುವ, ತಿಂಗಳು ತಪ್ಪದೆ ಕೈಸೇರುವ ವ್ಯವಸ್ಥೆಯನ್ನು ಯಾವುದಾದರೂ ಪಕ್ಷ ಬರೆದುಕೊಟ್ಟರೆ, ಚಂದ್ರನ ಮೇಲಿನ ಗುರಿಗಳಷ್ಟೇ ಗಂಭೀರವಾಗಿ ಅದನ್ನು ಓದಬೇಕು.

ಕುರ್ಚಿ ಬದಲಾದಾಗ

ಪಕ್ಷವೊಂದು ಅಧಿಕಾರದಲ್ಲಿದ್ದಾಗ ಹೇಳಿದ್ದನ್ನೂ ವಿರೋಧದಲ್ಲಿದ್ದಾಗ ಹೇಳಿದ್ದನ್ನೂ ಎದುರುಬದುರು ಇಟ್ಟು ನೋಡುವುದು ಹೋಲಿಕೆಯ ಅತ್ಯಂತ ಫಲವತ್ತಾದ ಭಾಗ. ಕುಲಾಂತರಿ ಬೆಳೆ ಇದಕ್ಕೆ ಒಳ್ಳೆಯ ಉದಾಹರಣೆ. ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ, ವಾಜಪೇಯಿ ಸರ್ಕಾರದಿಂದ. ಬಿಟಿ ಬದನೆಗೆ ಕೇಂದ್ರದ ತಳಿ ಎಂಜಿನಿಯರಿಂಗ್ ಅನುಮೋದನಾ ಸಮಿತಿ 2009ರಲ್ಲಿ ಹಸಿರು ನಿಶಾನೆ ತೋರಿತು; ಆದರೆ ಯುಪಿಎ ಸರ್ಕಾರದ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿ, 2010ರ ಫೆಬ್ರುವರಿಯಲ್ಲಿ ಅದನ್ನು ತಡೆಹಿಡಿದರು. ಅದೇ ಯುಪಿಎ ಸರ್ಕಾರದ ಕೊನೆಯ ತಿಂಗಳುಗಳಲ್ಲಿ ಪರಿಸರ ಖಾತೆ ವಹಿಸಿಕೊಂಡ ವೀರಪ್ಪ ಮೊಯಿಲಿ ಕ್ಷೇತ್ರ ಪ್ರಯೋಗಗಳಿಗೆ ದಾರಿ ಬಿಟ್ಟುಕೊಟ್ಟರು. 2012ರಲ್ಲಿ ಸಿಪಿಎಂನ ಬಸುದೇವ್ ಆಚಾರ್ಯ ಅಧ್ಯಕ್ಷತೆಯ ಸಂಸದೀಯ ಸಮಿತಿ ಪ್ರಯೋಗಗಳನ್ನು ನಿಲ್ಲಿಸಲು ಹೇಳಿತ್ತು. ದೀರ್ಘಾವಧಿಯ ಪರಿಣಾಮಗಳ ಪೂರ್ಣ ವೈಜ್ಞಾನಿಕ ಮೌಲ್ಯಮಾಪನವಿಲ್ಲದೆ ಕುಲಾಂತರಿ ಆಹಾರಕ್ಕೆ ಅನುಮತಿ ಇಲ್ಲ ಎಂದು ಬಿಜೆಪಿಯ 2014ರ ಪ್ರಣಾಳಿಕೆ ಸಾರಿತು. 2022ರ ಅಕ್ಟೋಬರ್‌ನಲ್ಲಿ ಅದೇ ಪಕ್ಷದ ಸರ್ಕಾರದಡಿ ಕುಲಾಂತರಿ ಸಾಸಿವೆ ಡಿಎಂಎಚ್–11ಕ್ಕೆ ಒಪ್ಪಿಗೆ ದೊರೆಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ಇಪ್ಪತ್ತು ವರ್ಷಗಳನ್ನು ನೋಡಿದರೆ ಯಾವ ಪಕ್ಷಕ್ಕೂ ‘ಕುಲಾಂತರಿ ಪರ’ ಅಥವಾ ‘ವಿರೋಧಿ’ ಎಂಬ ಚೀಟಿ ಅಂಟಿಸಲಾಗದು. ಆದರೆ ಸುರಕ್ಷತೆಯ ದತ್ತಾಂಶವನ್ನು ಪೂರ್ತಿಯಾಗಿ ಪ್ರಕಟಿಸಬೇಕೇ, ನಿರ್ಧಾರ ತಜ್ಞ ಸಮಿತಿಯದೋ ಸಚಿವರದೋ, ಬೀಜದ ಮೇಲೆ ರೈತರ ಹಕ್ಕೇನು ಎಂಬ ಪ್ರಶ್ನೆಗಳಿಗೆ ಉತ್ತರ ಬೇಡಬಹುದು. ವಿಜ್ಞಾನ ಮತ್ತು ರಾಜಕೀಯ ಸಂಧಿಸುವುದು ಇಲ್ಲಿಯೇ.

ಅಣುವಿದ್ಯುತ್ತಿನ ಕಥೆಯೂ ಇಂಥದ್ದೇ. 2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಕಾರಣಕ್ಕೆ ಎಡಪಕ್ಷಗಳು ಯುಪಿಎಗೆ ಕೊಟ್ಟ ಬೆಂಬಲ ಹಿಂಪಡೆದವು. ವಿಶ್ವಾಸಮತವನ್ನು ಬಿಜೆಪಿಯೂ ವಿರೋಧಿಸಿತು, ಸರ್ಕಾರ 275–256ರಲ್ಲಿ ಉಳಿಯಿತು. 2010ರಲ್ಲಿ ಅಣು ಅಪಘಾತದ ಹೊಣೆಗಾರಿಕೆ ಕಾಯ್ದೆಗೆ ಉಪಕರಣ ಪೂರೈಸುವವರ ಹೊಣೆಯನ್ನೂ ಸೇರಿಸಬೇಕೆಂದು ಪಟ್ಟು ಹಿಡಿದವರಲ್ಲಿ ಬಿಜೆಪಿ ಪ್ರಮುಖ. 2025ರ ಬಜೆಟ್ ಭಾಷಣದಲ್ಲಿ ಬಿಜೆಪಿಯ ಹಣಕಾಸು ಸಚಿವರು ಅದೇ ಕಾಯ್ದೆಯನ್ನು ತಿದ್ದುವುದಾಗಿಯೂ 2047ಕ್ಕೆ 100 ಗಿಗಾವಾಟ್ ಅಣುವಿದ್ಯುತ್ ಗುರಿ ಇರುವುದಾಗಿಯೂ ಹೇಳಿದರು. ಎಡಪಕ್ಷಗಳ ವಿರೋಧದ ಬೇರು ವಿದೇಶಾಂಗ ನೀತಿಯಲ್ಲಿತ್ತು, ಭೌತವಿಜ್ಞಾನದಲ್ಲಲ್ಲ. ನಿಲುವು ಬದಲಾಗುವುದು ತಪ್ಪಲ್ಲ; ಹೊಸ ಸಾಕ್ಷ್ಯ ಬಂದಾಗ ಬದಲಾಗಲೇಬೇಕು. ಕಾಯ್ದೆ ಬದಲಿಸಲು ಹೊರಟದ್ದು ರಿಯಾಕ್ಟರ್ ಸುರಕ್ಷತೆಯ ಕುರಿತ ಹೊಸ ತಿಳಿವಳಿಕೆಯಿಂದಲೋ ಹೂಡಿಕೆಯ ಒತ್ತಡದಿಂದಲೋ ಎಂಬುದನ್ನು ಪಕ್ಷ ಸ್ಪಷ್ಟಪಡಿಸಬೇಕು.

ವರದಿ ಕಹಿಯಾದಾಗ

ತಜ್ಞರ ವರದಿ ತನ್ನ ಮತಬ್ಯಾಂಕಿಗೆ ಒಗ್ಗದೆ ಹೋದಾಗ ಪಕ್ಷ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬಜೆಟ್ ಅಂಕಿಗಳಿಗಿಂತ ಹೆಚ್ಚು ಹೇಳುತ್ತದೆ. ಈ ಪರೀಕ್ಷೆಯಲ್ಲಿ ಕರ್ನಾಟಕದ ಪಕ್ಷಗಳು ಒಂದನ್ನೊಂದು ಹೋಲುತ್ತವೆ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಕಠಿಣವೆಂದು ಇಸ್ರೊದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ರಚನೆಯಾಗಿ, 2013ರಲ್ಲಿ ಹೆಚ್ಚು ಮೃದುವಾದ ವರದಿ ಬಂತು. ಅದರ ಆಧಾರದ ಮೇಲೆ ಕೇಂದ್ರ 2014ರ ಮಾರ್ಚ್‌ನಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಇದೆ. ಆರನೆಯದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ ಬಂತು. ಆರು ರಾಜ್ಯಗಳ ಸುಮಾರು 56,800 ಚದರ ಕಿ.ಮೀ.ಯಲ್ಲಿ ಕರ್ನಾಟಕದ್ದೇ 20,668. ರಾಜ್ಯದ ಬಿಜೆಪಿ ಸರ್ಕಾರ ಅದನ್ನು ವಿರೋಧಿಸಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟವೂ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ರೈತರ ಆತಂಕ ನಿಜವಾದದ್ದು. ಜೀವನೋಪಾಯದ ಪ್ರಶ್ನೆಗೆ ಉತ್ತರ ಕೊಡದೆ ಗಡಿ ಗೆರೆ ಎಳೆಯುವುದು ನ್ಯಾಯವಲ್ಲ. ಆದರೆ ತಿರಸ್ಕರಿಸಿದವರು ಬದಲಿ ವೈಜ್ಞಾನಿಕ ಅಧ್ಯಯನವನ್ನು ಮುಂದಿಡಬೇಕಿತ್ತು, ಯಾವ ಗ್ರಾಮ ಏಕೆ ಸೇರಬಾರದು ಎಂದು ಆಧಾರಸಹಿತ ಹೇಳಬೇಕಿತ್ತು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಮತದಾರರಿಗೆ ಇಲ್ಲಿ ಪಕ್ಷಗಳ ನಡುವೆ ಆಯ್ಕೆಯೇ ಇಲ್ಲದಂತಾಗಿದೆ. ಮತದಾರರು ಕಳೆದುಕೊಂಡಿರುವುದು ಇದನ್ನೇ.

ಪಠ್ಯಪುಸ್ತಕ ಇನ್ನೊಂದು ಪರೀಕ್ಷೆ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ನನ ಸಿದ್ಧಾಂತ ತಪ್ಪೆಂದಾಗ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಅಲ್ಲಗಳೆದವು. ಹಿರಿಯ ಸಚಿವ ಪ್ರಕಾಶ್ ಜಾವಡೇಕರ್, ಸಿಂಗ್ ಅವರನ್ನು ತಡೆದರು. ಆದರೆ ಕೆಲವೇ ವರ್ಷಗಳಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ‘ಹೊರೆ ಇಳಿಸುವ’ ಹೆಸರಿನಲ್ಲಿ ಹೋಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮೇಲಿನ ತರಗತಿಯ ಜೀವವಿಜ್ಞಾನದಲ್ಲಿ ಅದು ಉಳಿದಿದೆ ಎಂಬುದು ಅಧಿಕೃತ ಉತ್ತರ. ಹತ್ತರ ನಂತರ ವಿಜ್ಞಾನ ಓದದ ಮಕ್ಕಳಿಗೆ ಆ ಉತ್ತರ ತಲುಪುವುದಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವೆಂದು ಹೇಳುವ ಸಂವಿಧಾನದ 51ಎ(ಎಚ್) ವಿಧಿ 1976ರಿಂದ ಇದೆ. ಅದನ್ನು ಪ್ರಣಾಳಿಕೆಯಲ್ಲಿ ಉಲ್ಲೇಖಿಸುವ ಪಕ್ಷಗಳನ್ನು ಪಠ್ಯಕ್ರಮದ ಬಗ್ಗೆಯೂ ಕೇಳಬಹುದು.

ಒಮ್ಮೊಮ್ಮೆ ಸರ್ಕಾರ ಬದಲಾದರೂ ನೀತಿ ಉಳಿಯುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ, 2017ರಲ್ಲಿ ಅಂಗೀಕಾರವಾಯಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಬಿಜೆಪಿ ಸರ್ಕಾರವಿದ್ದಾಗ. ವಿಧಾನಸಭಾ ಚುನಾವಣೆಯಲ್ಲೂ ವಿಜ್ಞಾನದ ವಿಷಯವಿದೆ ಎನ್ನುವುದಕ್ಕೆ ಇದೊಂದು ಸಾಕ್ಷಿ. ಕೃಷಿ, ಸಾರ್ವಜನಿಕ ಆರೋಗ್ಯ, ರಾಜ್ಯ ವಿಶ್ವವಿದ್ಯಾಲಯಗಳ ಖಾಲಿ ಹುದ್ದೆಗಳು ರಾಜ್ಯದ ಕೈಯಲ್ಲೇ ಇರುವಂಥವು.

ಕೇಳುವ ದಾರಿಗಳು

ಬೇರೆ ದೇಶಗಳಲ್ಲಿ ವಿಜ್ಞಾನಿಗಳೇ ಪಕ್ಷಗಳನ್ನು ಪ್ರಶ್ನಿಸುವ ರೂಢಿ ಇದೆ. ಅಮೆರಿಕದಲ್ಲಿ 2008ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಸೈನ್ಸ್ ಡಿಬೇಟ್’ ಎಂಬ ಅಭಿಯಾನ 14 ಪ್ರಶ್ನೆಗಳನ್ನು ಕಳಿಸಿತು. ಒಬಾಮ ಮತ್ತು ಮೆಕೇನ್ ಇಬ್ಬರೂ ಲಿಖಿತ ಉತ್ತರ ಕೊಟ್ಟರು. ಆ ಉತ್ತರಗಳಿಂದಾಗಿ ಲೆಕ್ಕ ಕೇಳುವುದು ಸಾಧ್ಯವಾಯಿತು. ಭ್ರೂಣದ ಆಕರಕೋಶ ಸಂಶೋಧನೆಗಿದ್ದ ಸರ್ಕಾರಿ ಹಣದ ನಿರ್ಬಂಧವನ್ನು ಒಬಾಮ 2009ರ ಮಾರ್ಚ್‌ನಲ್ಲೇ ಸಡಿಲಿಸಿದರು. ಇಂಗಾಲದ ಹೊರಸೂಸುವಿಕೆಗೆ ಮಿತಿ ಹಾಕುವ ಮಸೂದೆ ಕೆಳಮನೆಯಲ್ಲಿ 219–212ರಲ್ಲಿ ಗೆದ್ದು ಸೆನೆಟ್‌ನಲ್ಲಿ ಸತ್ತುಹೋಯಿತು. ಬ್ರಿಟನ್ನಿನಲ್ಲಿ 1986ರಲ್ಲಿ ಹುಟ್ಟಿದ ವಿಜ್ಞಾನಿಗಳ ಸಂಘಟನೆಯೊಂದು ಚುನಾವಣೆಗೆ ಮುನ್ನ ಪಕ್ಷದ ನಾಯಕರಿಗೆ ಪತ್ರ ಬರೆದು ಉತ್ತರಗಳನ್ನು ಪ್ರಕಟಿಸುತ್ತ ಬಂದಿದೆ. ಭಾರತದಲ್ಲಿ 2017ರ ಆಗಸ್ಟ್ 9ರಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ವಿಜ್ಞಾನಿಗಳು, ವಿದ್ಯಾರ್ಥಿಗಳು ನಡಿಗೆ ನಡೆಸಿ ಜಿಡಿಪಿಯ ಶೇ 3 ಸಂಶೋಧನೆಗೆ ಬೇಕೆಂದು ಕೇಳಿದರು. ಆ ದನಿ ಪಕ್ಷಗಳಿಗೆ ಕಳಿಸುವ ಪ್ರಶ್ನಾವಳಿಯಾಗಿ ಇನ್ನೂ ನೆಲೆ ನಿಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಎನ್‌ಸಿಬಿಎಸ್‌ಗಳಿರುವ ಬೆಂಗಳೂರಿನಲ್ಲಿ ಅದನ್ನು ಆರಂಭಿಸಲು ಅಡ್ಡಿಯೇನಿಲ್ಲ.

ಅದು ಬರುವವರೆಗೆ ಇರುವ ದಾಖಲೆಗಳೇ ಸಾಕಷ್ಟಿವೆ. ವಿಜ್ಞಾನ ಮತ್ತು ತಂತ್ರಜ್ಞಾನ, ಪರಿಸರ, ಅರಣ್ಯ ಹಾಗೂ ಹವಾಮಾನ ಬದಲಾವಣೆಯ ಸಂಸದೀಯ ಸ್ಥಾಯಿ ಸಮಿತಿ ಪ್ರತಿ ವರ್ಷ ಅನುದಾನ ಬೇಡಿಕೆಗಳ ವರದಿ ಕೊಡುತ್ತದೆ. ಎಲ್ಲ ಪಕ್ಷಗಳ ಸದಸ್ಯರೂ ಅದರಲ್ಲಿ ಇರುತ್ತಾರೆ. ಇಲಾಖೆ ಕೇಳಿದ್ದೆಷ್ಟು, ಬಜೆಟ್ಟಿನಲ್ಲಿ ಸಿಕ್ಕಿದ್ದೆಷ್ಟು, ಪರಿಷ್ಕೃತ ಅಂದಾಜಿನಲ್ಲಿ ಕಡಿತವಾದದ್ದೆಷ್ಟು, ನಿಜವಾಗಿ ಖರ್ಚಾದದ್ದೆಷ್ಟು ಎಂಬ ನಾಲ್ಕೂ ಅಂಕಿಗಳು ಅಲ್ಲಿ ಸಿಗುತ್ತವೆ, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಅಂತರ ಪಕ್ಷದ ಒಲವನ್ನು ತೋರಿಸುತ್ತದೆ. ಸ್ವಂತ ಕ್ಷೇತ್ರದ ಸಂಸದರು ಐದು ವರ್ಷಗಳಲ್ಲಿ ವಿಜ್ಞಾನದ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು ಎಂಬುದೂ ಲೋಕಸಭೆಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ದೊರೆಯುತ್ತದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಚುನಾವಣಾ ಆಯೋಗ ರೂಪಿಸಿದ ಮಾರ್ಗಸೂಚಿಯ ಪ್ರಕಾರ, ಪ್ರಣಾಳಿಕೆಯ ಭರವಸೆಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಪಕ್ಷಗಳು ಸ್ಥೂಲವಾಗಿಯಾದರೂ ತಿಳಿಸಬೇಕು. ಪ್ರಚಾರಕ್ಕೆ ಬರುವ ಅಭ್ಯರ್ಥಿಗೆ ಆ ಪ್ರಶ್ನೆಯನ್ನು ಕೇಳಲು ಈ ನಿಯಮವೇ ಆಧಾರ.